ಸೋರದ ಪೊರೆಯ ಲೆಕ್ಕಪತ್ರ: ಮೈಟೊಕಾಂಡ್ರಿಯದಲ್ಲಿ ಅಯಾನುಗಳ ಹೋಗುಬರವು, ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಜೀವರಸಾಯನಶಾಸ್ತ್ರ ಪಾಠ ಮಾಡುತ್ತಾ ಬಂದವನು ನಾನು. ಹರಿಹರ, ಜಗಳೂರು, ಹೊಳಲ್ಕೆರೆ, ಚಳ್ಳಕೆರೆಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳು ಈ ಪಾಠದ ಹೊತ್ತಿಗೆ ಸಾಮಾನ್ಯವಾಗಿ ಆಕಳಿಸುತ್ತಾರೆ. "ಮೈಟೊಕಾಂಡ್ರಿಯ ಎಂದರೆ ಜೀವಕೋಶದ ಶಕ್ತಿಕೇಂದ್ರ" ಎಂಬ ಸಾಲನ್ನು ಹೈಸ್ಕೂಲಿನಿಂದಲೂ ಉರುಹೊಡೆದವರಿಗೆ ಇನ್ನೇನು ಉಳಿದಿದೆ ಅನ್ನಿಸುವುದು ಸಹಜ. ಆದರೆ ಪಾಠ ಮುಗಿದ ಮೇಲೆ ಮೇಜಿನ ಬಳಿ ನಿಂತು ಕೇಳುವವರ ಪ್ರಶ್ನೆಗಳೇ ಬೇರೆ. ಅವನ್ನು ಹಾಜರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಇಲ್ಲಿರುವುದು ಅವೇ. ಒಂದೆರಡು ಮಾತ್ರ ತರಗತಿಯ ಹೊರಗಿನವರದು.

ಪ್ರ: ಮೈಟೊಕಾಂಡ್ರಿಯಕ್ಕೆ ಎರಡು ಪೊರೆಗಳಿವೆ. ಅಯಾನು, ಅಂದರೆ ವಿದ್ಯುತ್ ಆವೇಶವಿರುವ ಕಣ, ಎರಡನ್ನೂ ಕಷ್ಟಪಟ್ಟು ದಾಟಬೇಕೆ?

ಇಲ್ಲ. ಹೊರಪೊರೆ ದಾಟುವುದು ಬಹಳ ಸುಲಭ. ಅಲ್ಲಿ ಪೋರಿನ್ ಎಂಬ ಪ್ರೋಟೀನುಗಳು ಪೀಪಾಯಿಯ ಆಕಾರದ ತೂತುಗಳನ್ನು ಮಾಡಿಕೊಂಡು ಕುಳಿತಿವೆ. ಸುಮಾರು 5000 ಡಾಲ್ಟನ್ (ಒಂದು ಡಾಲ್ಟನ್ ಎಂದರೆ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನ ತೂಕ) ತೂಕದವರೆಗಿನ ಅಣುಗಳು ಅದರಲ್ಲಿ ಹಾಯಬಲ್ಲವು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣುವಾದ ಎಟಿಪಿ ಎಲ್ಲವೂ ಇದಕ್ಕಿಂತ ಎಷ್ಟೋ ಸಣ್ಣವು. ಹೀಗಾಗಿ ಎರಡು ಪೊರೆಗಳ ನಡುವಿನ ಕಿರಿದಾದ ಜಾಗದಲ್ಲಿರುವ ಉಪ್ಪುನೀರು ಹೆಚ್ಚುಕಡಿಮೆ ಜೀವಕೋಶದ ಉಪ್ಪುನೀರೇ. ಪೋರಿನ್ ಪೂರ್ತಿ ಬೋಳು ತೂತೇನಲ್ಲ. ವಿದ್ಯುತ್ ಒತ್ತಡ ಹೆಚ್ಚಿದರೆ ಅರ್ಧ ಮುಚ್ಚಿಕೊಳ್ಳುತ್ತದೆ, ಆಗ ಎಟಿಪಿಯಂತಹ ದೊಡ್ಡ ಅಣುಗಳಿಗೆ ತಡೆಯಾಗುತ್ತದೆ.

ನಿಜವಾದ ಕಾವಲು ಒಳಪೊರೆಯದು. ಚಿತ್ರದುರ್ಗದ ಮಕ್ಕಳು ಇಷ್ಟು ಹೇಳುತ್ತಿದ್ದಂತೆ "ಏಳು ಸುತ್ತಿನ ಕೋಟೆ ಸರ್" ಎನ್ನುತ್ತಾರೆ. ಇಲ್ಲಿರುವುದು ಎರಡೇ ಸುತ್ತು, ಅದರಲ್ಲೂ ಹೊರಸುತ್ತಿನ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತದೆ ಎಂದು ತಿದ್ದುತ್ತೇನೆ.

ಪ್ರ: ಪ್ರೋಟಾನಿಗಿಂತ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನಿಗಿಂತ, ಚಿಕ್ಕ ಅಯಾನು ಇಲ್ಲ. ಅಷ್ಟು ಸಣ್ಣದಕ್ಕೆ ಪೊರೆಯಲ್ಲಿ ನುಸುಳಲು ಯಾಕೆ ಆಗುವುದಿಲ್ಲ?

ಗಾತ್ರದ ಪ್ರಶ್ನೆಯೇ ಅಲ್ಲ ಇದು. ಮಂಡಕ್ಕಿ ಒಗ್ಗರಣೆ ಮಾಡುವಾಗ ಗಮನಿಸಿ. ಬಾಣಲೆಯ ಎಣ್ಣೆಗೆ ಅರಿಶಿನ ಹಾಕಿದರೆ ಎಣ್ಣೆಯೆಲ್ಲ ಹಳದಿಯಾಗುತ್ತದೆ. ಉಪ್ಪು ಹಾಕಿದರೆ ಅದು ತಳದಲ್ಲಿ ಹರಳಾಗಿಯೇ ಬಿದ್ದಿರುತ್ತದೆ. ಆವೇಶವಿರುವ ಕಣಗಳಿಗೆ ನೀರಿನ ಜೊತೆ ಇರುವ ನಂಟು ಎಣ್ಣೆಯ ಜೊತೆ ಇಲ್ಲ. ಪೊರೆಯ ನಡುಭಾಗ ಎಣ್ಣೆಯಂಥದ್ದೇ. ಅಯಾನು ತನ್ನ ಸುತ್ತ ಹೊದ್ದ ನೀರಿನ ಅಣುಗಳನ್ನು ಕಳಚಿಟ್ಟು ಒಳಗೆ ಕಾಲಿಡಬೇಕು, ಅದಕ್ಕೆ ಬೇಕಾದ ಶಕ್ತಿ ವಿಪರೀತ.

ಒಳಪೊರೆಯಲ್ಲಿ ಕಾರ್ಡಿಯೋಲಿಪಿನ್ ಎಂಬ ವಿಶೇಷ ಕೊಬ್ಬು ಬೇರೆ ಇದೆ. ದನದ ಹೃದಯದಿಂದ ಮೊದಲು ಬೇರ್ಪಡಿಸಿದ್ದರಿಂದ ಆ ಹೆಸರು. ಸಾಮಾನ್ಯ ಪೊರೆಕೊಬ್ಬಿಗೆ ಎರಡು ಬಾಲಗಳಿದ್ದರೆ ಇದಕ್ಕೆ ನಾಲ್ಕು. ಒಳಪೊರೆಯ ಪ್ರೋಟೀನುಗಳನ್ನು ಜೋಡಿಸಿ ಹಿಡಿದಿಡುವ ಗಾರೆಯ ಕೆಲಸ ಇದರದು.

ಈ ಪಾಠದಲ್ಲಿ ನಾನು ಒತ್ತಿ ಹೇಳುವ ಮಾತು ಒಂದೇ: ಮೈಟೊಕಾಂಡ್ರಿಯದ ಬಂಡವಾಳ ಪ್ರೋಟಾನುಗಳನ್ನು ಹೊರದಬ್ಬುವ ಪಂಪುಗಳಲ್ಲ, ಸೋರದ ಪೊರೆ. ಪೊರೆ ಸೋರದಿದ್ದರೆ ಮಾತ್ರ ಪಂಪಿಗೆ ಬೆಲೆ.

ಪ್ರ: ಪ್ರೋಟಾನುಗಳನ್ನು ಹೊರಗೆ ದಬ್ಬುವವರು ಯಾರು? ಎಷ್ಟು ದಬ್ಬುತ್ತಾರೆ?

ಊಟದಿಂದ ಕಿತ್ತ ಎಲೆಕ್ಟ್ರಾನುಗಳು ಒಳಪೊರೆಯಲ್ಲಿ ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಆಮ್ಲಜನಕ ಸೇರಿ ನೀರಾಗುತ್ತವೆ. ದಾರಿಯಲ್ಲಿ ಬಿಡುಗಡೆಯಾಗುವ ಶಕ್ತಿಯಿಂದ ಮ್ಯಾಟ್ರಿಕ್ಸಿನ, ಅಂದರೆ ಒಳಗಿನ ತಿಳಿಯ, ಪ್ರೋಟಾನುಗಳು ಹೊರಗೆ ಹೋಗುತ್ತವೆ. ಎನ್‌ಎಡಿಎಚ್ (ಊಟದ ಎಲೆಕ್ಟ್ರಾನುಗಳನ್ನು ಹೊತ್ತು ತರುವ ಅಣು) ಒಂದು ಜೋಡಿ ಎಲೆಕ್ಟ್ರಾನ್ ಕೊಟ್ಟರೆ, ಒಳಪೊರೆಯಲ್ಲಿರುವ ನಾಲ್ಕು ಪ್ರೋಟೀನು ಸಂಕೀರ್ಣಗಳಲ್ಲಿ ಮೊದಲನೆಯದು 4, ಮೂರನೆಯದು 4, ನಾಲ್ಕನೆಯದು 2, ಒಟ್ಟು 10 ಪ್ರೋಟಾನುಗಳು ಹೊರಗೆ. ಎರಡನೆಯ ಸಂಕೀರ್ಣ ಒಂದನ್ನೂ ದಬ್ಬುವುದಿಲ್ಲ. ಆ ಬಾಗಿಲಿನಿಂದ ಬಂದ ಎಲೆಕ್ಟ್ರಾನುಗಳಿಗೆ ಲೆಕ್ಕ 6 ಮಾತ್ರ.

ಮೂರೂ ಒಂದೇ ರೀತಿ ದಬ್ಬುತ್ತವೆ ಎಂದುಕೊಳ್ಳಬೇಡಿ. ಮೊದಲನೆಯದು ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ದೊಡ್ಡ ಯಂತ್ರ. ಎಲೆಕ್ಟ್ರಾನ್ ಓಡುವುದು ಅದರ ಒಂದು ತೋಳಿನಲ್ಲಿ, ಪ್ರೋಟಾನ್ ದಾಟುವುದು ಪೊರೆಯಲ್ಲಿ ಮಲಗಿರುವ ಇನ್ನೊಂದು ತೋಳಿನಲ್ಲಿ. ಮೂರನೆಯದರಲ್ಲಿ ಪಂಪಿನಂಥದ್ದು ಇಲ್ಲವೇ ಇಲ್ಲ. ಕ್ವಿನೋನ್ ಎಂಬ ಕೊಬ್ಬಿನ ಅಣು ಒಳಬದಿಯಲ್ಲಿ ಪ್ರೋಟಾನುಗಳನ್ನು ಎತ್ತಿಕೊಂಡು, ಪೊರೆಯೊಳಗೇ ಈಜಿ, ಹೊರಬದಿಯಲ್ಲಿ ಇಳಿಸುತ್ತದೆ. ತಲೆಹೊರೆಯಲ್ಲಿ ಸಾಗಿಸಿದ ಹಾಗೆ.

ಪ್ರ: ಇದನ್ನು ಅಣೆಕಟ್ಟೆಗೆ ಹೋಲಿಸುತ್ತಾರಲ್ಲ, ಸರಿಯೇ?

ಅರ್ಧ ಸರಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯನ್ನೇ ತೆಗೆದುಕೊಳ್ಳಿ. ನೀರು ನಾಲೆಗೆ ಇಳಿಯುವಾಗ ಅಲ್ಲಿ ವಿದ್ಯುತ್ತೂ ಆಗುತ್ತದೆ. ಪ್ರೋಟಾನುಗಳೂ ಹೀಗೆಯೇ, ದಬ್ಬಿಸಿಕೊಂಡ ಕಡೆಯಿಂದ ಮರಳಿ ಒಳಗೆ ಇಳಿಯುವಾಗ ಎಟಿಪಿ ತಯಾರಿಸುವ ಪ್ರೋಟೀನು ಯಂತ್ರವನ್ನು ತಿರುಗಿಸುತ್ತವೆ. ಇಲ್ಲಿಯವರೆಗೆ ಹೋಲಿಕೆ ಚೆನ್ನಾಗಿದೆ. ಆದರೆ ಅಣೆಕಟ್ಟೆಯಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಎತ್ತರ ಒಂದೇ, ಇಲ್ಲಿ ಒತ್ತಡಕ್ಕೆ ಎರಡು ಮೂಲಗಳಿವೆ. ಒಂದು, ಪ್ರೋಟಾನುಗಳ ಸಾಂದ್ರತೆಯ ವ್ಯತ್ಯಾಸ. ಒಳಗಿನ ಪಿಎಚ್ ಸುಮಾರು 7.8, ಹೊರಗಿಗಿಂತ ಹೆಚ್ಚು, ಅಂದರೆ ಒಳಗೆ ಪ್ರೋಟಾನುಗಳು ಕಡಿಮೆ. ಇನ್ನೊಂದು, ವಿದ್ಯುತ್ ವ್ಯತ್ಯಾಸ. ಧನಾವೇಶವನ್ನು ಹೊರಗೆ ಹಾಕುತ್ತಲೇ ಇದ್ದರೆ ಒಳಗು ಋಣವಾಗುತ್ತದೆ, ಸುಮಾರು 150ರಿಂದ 180 ಮಿಲಿವೋಲ್ಟ್. ಎರಡರಲ್ಲಿ ದೊಡ್ಡ ಪಾಲು ವಿದ್ಯುತ್ತಿನದೇ.

ಮಿಲಿವೋಲ್ಟ್ ಎಂದ ಕೂಡಲೇ ಹಿಂದಿನ ಬೆಂಚಿನವರು ನಗುತ್ತಾರೆ, ಗಡಿಯಾರದ ಸೆಲ್ಲಿನಲ್ಲೂ ಅದಕ್ಕಿಂತ ಹೆಚ್ಚಿದೆ ಎಂದು. ಆದರೆ ಪೊರೆಯ ದಪ್ಪ ಆರೇಳು ನ್ಯಾನೋಮೀಟರ್. ಭಾಗಿಸಿ ನೋಡಿ, ಮೀಟರಿಗೆ ಹತ್ತಿರ ಹತ್ತಿರ ಮೂರು ಕೋಟಿ ವೋಲ್ಟ್. ಒಣಗಾಳಿಯಲ್ಲಿ ಕಿಡಿ ಹಾರಲು ಮೂವತ್ತು ಲಕ್ಷ ಸಾಕು.

ಇನ್ನೊಂದು ಲೆಕ್ಕ ಕೊಡುತ್ತೇನೆ, ಕೂತು ಮಾಡಿ. ಒಂದು ಘನ ಮೈಕ್ರೋಮೀಟರ್ ಗಾತ್ರದ ಮ್ಯಾಟ್ರಿಕ್ಸಿನಲ್ಲಿ, ಪಿಎಚ್ 7.8 ಇದ್ದಾಗ, ಸ್ವತಂತ್ರವಾಗಿ ಓಡಾಡುವ ಪ್ರೋಟಾನುಗಳು ಎಷ್ಟು? ಉತ್ತರ ಸುಮಾರು ಹತ್ತು. ಹತ್ತು ಲಕ್ಷವಲ್ಲ, ಹತ್ತೇ. ಮೊದಲ ಸಲ ಇದನ್ನು ಕಪ್ಪುಹಲಗೆಯ ಮೇಲೆ ಮಾಡಿದಾಗ ಎಲ್ಲೋ ಸೊನ್ನೆ ಬಿಟ್ಟೆನೇನೋ ಎಂದು ನಾನೇ ಎರಡು ಸಲ ಅಳಿಸಿ ಬರೆದಿದ್ದೆ. ಅಣೆಕಟ್ಟೆಯ ಚಿತ್ರ ಇಲ್ಲಿ ಪೂರ್ತಿ ಕುಸಿಯುತ್ತದೆ. ಇದು ಸಂಗ್ರಹವಲ್ಲ, ಬಂದದ್ದು ಬಂದ ಹಾಗೆ ಹೋಗುವ ಹರಿವು. ಪ್ರೋಟೀನುಗಳಿಗೂ ಫಾಸ್ಫೇಟಿಗೂ ಅಂಟಿಕೊಂಡಿರುವ ಪ್ರೋಟಾನುಗಳು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿದು ಆ ಹತ್ತರ ಲೆಕ್ಕವನ್ನು ಸರಿದೂಗಿಸುತ್ತಿರುತ್ತವೆ.

ಪ್ರ: ಇದನ್ನೆಲ್ಲ ಮೊದಲು ಯೋಚಿಸಿದವರು ಯಾರು?

ಇಂಗ್ಲೆಂಡಿನ ಪೀಟರ್ ಮಿಚೆಲ್, 1961ರಲ್ಲಿ. ಆಗ ಉಳಿದವರೆಲ್ಲ ಹುಡುಕುತ್ತಿದ್ದದ್ದು ಎಲೆಕ್ಟ್ರಾನಿನ ಶಕ್ತಿಯನ್ನು ಎಟಿಪಿಗೆ ದಾಟಿಸುವ ಒಂದು ರಾಸಾಯನಿಕ ಮಧ್ಯವರ್ತಿಯನ್ನು. ಅಂಥ ಅಣುವೇ ಇಲ್ಲ, ಪೊರೆಯ ಎರಡು ಬದಿಗಳ ವ್ಯತ್ಯಾಸವೇ ಮಧ್ಯವರ್ತಿ ಎಂದರು ಮಿಚೆಲ್. ಯಾರೂ ಒಪ್ಪಲಿಲ್ಲ. ಅನಾರೋಗ್ಯದಿಂದ ವಿಶ್ವವಿದ್ಯಾಲಯದ ಕೆಲಸ ಬಿಟ್ಟ ಅವರು ಕಾರ್ನ್‌ವಾಲ್ ಪ್ರಾಂತದ ಗ್ಲಿನ್ ಎಂಬಲ್ಲಿ ಒಂದು ಹಳೆಯ ಬಂಗಲೆಯನ್ನು ದುರಸ್ತಿ ಮಾಡಿಸಿ, ಅದರಲ್ಲೇ ಪ್ರಯೋಗಾಲಯ ಹೂಡಿದರು.

ಪುರಾವೆ ಬಂದದ್ದು ಬೇರೆಯವರ ಕೈಯಿಂದ. 1966ರಲ್ಲಿ ಆಂಡ್ರೆ ಜಾಗೆನ್‌ಡಾರ್ಫ್ ಎಲೆಯ ಹಸಿರುಕಣಗಳ ಪೊರೆಯನ್ನು ಕತ್ತಲೆಯಲ್ಲಿ ಮೊದಲು ಆಮ್ಲದಲ್ಲಿ ನೆನೆಸಿ, ತಟ್ಟನೆ ಕ್ಷಾರಕ್ಕೆ ಹಾಕಿದರು. ಬೆಳಕಿಲ್ಲದೆಯೇ ಎಟಿಪಿ ತಯಾರಾಯಿತು. 1974ರಲ್ಲಿ ರ್ಯಾಕರ್ ಮತ್ತು ಸ್ಟೋಕೇನಿಯಸ್ ಇನ್ನೂ ಸೊಗಸಾದದ್ದನ್ನು ಮಾಡಿದರು. ಕೊಬ್ಬಿನ ಪುಟ್ಟ ಗುಳ್ಳೆಯಲ್ಲಿ, ಉಪ್ಪುನೀರಿನ ಸೂಕ್ಷ್ಮಾಣುವಿನ ಬೆಳಕಿನ ಪಂಪನ್ನೂ ದನದ ಹೃದಯದ ಎಟಿಪಿ ಯಂತ್ರವನ್ನೂ ಒಟ್ಟಿಗೆ ಕೂಡಿಸಿ ಬೆಳಕು ಹಾಯಿಸಿದರು. ಎರಡಕ್ಕೂ ಪರಸ್ಪರ ಗುರುತು ಪರಿಚಯವಿಲ್ಲ, ನಡುವೆ ಇದ್ದದ್ದು ಪ್ರೋಟಾನ್ ಮಾತ್ರ. ಆದರೂ ಎಟಿಪಿ ಬಂತು. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಇದು. 1978ರಲ್ಲಿ ಮಿಚೆಲ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಎಟಿಪಿ ಯಂತ್ರದೊಳಗೆ ನಡೆಯುವ ಕೆಲಸದ ಬಗ್ಗೆ ಅವರು ಊಹಿಸಿದ್ದು ಮಾತ್ರ ತಪ್ಪಾಗಿತ್ತು. ಅಲ್ಲಿ ಗೆದ್ದದ್ದು ಪಾಲ್ ಬೋಯರ್.

ಪ್ರ: ಒಂದು ಗ್ಲೂಕೋಸಿಗೆ ಎಟಿಪಿ 38 ಎಂದು ಬರೆಯಬೇಕೆ, 32 ಎಂದೇ?

ವರ್ಷಕ್ಕೆ ಕನಿಷ್ಠ ಇಪ್ಪತ್ತು ಸಲ ಬರುವ ಪ್ರಶ್ನೆ. ಉತ್ತರ ಅಯಾನುಗಳ ಲೆಕ್ಕದಲ್ಲೇ ಇದೆ.

ಎಟಿಪಿ ಯಂತ್ರದ ಪೊರೆಯಲ್ಲಿರುವ ಭಾಗ ಒಂದು ತಿರುಗುವ ಉಂಗುರ. ಬೋಯರ್ ಇದನ್ನು ತರ್ಕದಿಂದ ಊಹಿಸಿದ್ದರು, ಜಾನ್ ವಾಕರ್ ರಚನೆಯನ್ನು ಬಿಡಿಸಿ ತೋರಿಸಿದರು, 1997ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಯಂತ್ರದ ಅಚ್ಚಿಗೆ ಉದ್ದನೆಯ ಎಳೆಯೊಂದನ್ನು ಅಂಟಿಸಿ, ಅದು ಗರಗರ ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ದನದ ಮೈಟೊಕಾಂಡ್ರಿಯದಲ್ಲಿ ಈ ಉಂಗುರಕ್ಕೆ 8 ಹಲ್ಲುಗಳು. ಒಂದು ಸುತ್ತಿಗೆ 8 ಪ್ರೋಟಾನ್ ಬೇಕು, ಒಂದು ಸುತ್ತಿಗೆ 3 ಎಟಿಪಿ ಬರುತ್ತದೆ. ಅಂದರೆ ಒಂದು ಎಟಿಪಿಗೆ ಸುಮಾರು 2.7 ಪ್ರೋಟಾನ್. ಸರಕು ಸಾಗಿಸುವ ಖರ್ಚು ಇನ್ನೊಂದು, ಅದನ್ನು ಮುಂದಿನ ಉತ್ತರದಲ್ಲಿ ನೋಡೋಣ. ಒಟ್ಟು ನಾಲ್ಕಕ್ಕೆ ಹತ್ತಿರ. ಹತ್ತು ಪ್ರೋಟಾನ್ ದಬ್ಬಿದ ಎನ್‌ಎಡಿಎಚ್ ಕೊಡುವುದು ಹಾಗಾಗಿ ಸುಮಾರು 2.5 ಎಟಿಪಿ, ಮೂರಲ್ಲ. ಆರು ದಬ್ಬಿದ್ದು ಕೊಡುವುದು 1.5, ಎರಡಲ್ಲ. ಹೀಗೆ ಕೂಡಿಸಿದರೆ 30 ಅಥವಾ 32. ಹಳೆಯ 36 ಮತ್ತು 38 ಹುಟ್ಟಿದ್ದು ಪೂರ್ಣಾಂಕಗಳ ಮೋಹದಿಂದ. ಪರೀಕ್ಷೆಯಲ್ಲಿ ನಿಮಗೆ ನಿಗದಿಯಾದ ಪುಸ್ತಕದಲ್ಲಿ ಇರುವುದನ್ನು ಬರೆಯಿರಿ, ಅಂಕ ಕಳೆದುಕೊಳ್ಳುವುದು ಬೇಡ. ಬರೆಯುವಾಗ ನಕ್ಕರೆ ಯಾರೂ ಕೇಳುವುದಿಲ್ಲ.

ಪ್ರ: ಎಟಿಪಿ ಒಳಗೆ ತಯಾರಾಗಿ ಹೊರಗೆ ಖರ್ಚಾಗುತ್ತದೆ. ಅಷ್ಟು ದೊಡ್ಡ ಅಣು ಸೋರದ ಪೊರೆಯನ್ನು ದಾಟುವುದು ಹೇಗೆ?

ಅದಲುಬದಲು. ಒಳಪೊರೆಯ ವಾಹಕ ಪ್ರೋಟೀನು ಒಂದು ಖಾಲಿ ಚೀಲ ಒಳಗೆ ತೆಗೆದುಕೊಂಡು ಒಂದು ತುಂಬಿದ ಚೀಲ ಹೊರಗೆ ಕೊಡುತ್ತದೆ. ಖಾಲಿ ಚೀಲ ಎಡಿಪಿ, ಅಂದರೆ ಒಂದು ಫಾಸ್ಫೇಟ್ ಕಳೆದುಕೊಂಡ ಎಟಿಪಿ. ತುಂಬಿದ್ದು ಎಟಿಪಿ. ಸಾಲ ಇಲ್ಲ, ಕೈಗಡ ಇಲ್ಲ. ಎಡಿಪಿಯ ಮೈಮೇಲೆ ಮೂರು ಋಣಾವೇಶ, ಎಟಿಪಿಯ ಮೇಲೆ ನಾಲ್ಕು. ಒಂದೊಂದು ವಿನಿಮಯಕ್ಕೂ ಒಂದು ಋಣಾವೇಶ ಹೊರಗೆ ಹೋದಂತಾಯಿತು. ಒಳಗೆ ಋಣ, ಹೊರಗೆ ಧನ ಇರುವುದರಿಂದ ಈ ದಿಕ್ಕಿನ ವ್ಯಾಪಾರಕ್ಕೆ ಪೊರೆಯ ವೋಲ್ಟೇಜೇ ತಳ್ಳುಬಲ. ಇನ್ನೊಂದು ವಾಹಕ ಫಾಸ್ಫೇಟನ್ನು ಒಳಗೆ ತರುತ್ತದೆ, ಜೊತೆಗೆ ಒಂದು ಪ್ರೋಟಾನನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಎರಡನ್ನೂ ಕೂಡಿಸಿದರೆ ಖರ್ಚು ಪೂರ್ತಿ ಒಂದು ಪ್ರೋಟಾನ್. ಹಿಂದಿನ ಉತ್ತರದಲ್ಲಿ ಸಾಗಣೆ ಖರ್ಚು ಎಂದದ್ದು ಇದನ್ನೇ. ದಲಾಲಿ, ಹಮಾಲಿ ಕಳೆದು ಕೈಗೆ ಬರುವ ದುಡ್ಡನ್ನೇ ಬೆಲೆ ಎನ್ನಬೇಕು ಎಂಬುದು ಮೆಕ್ಕೆಜೋಳ ಮಾರಿದವರ ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವಾಹಕ ಎರಡೂ ಬದಿ ಒಮ್ಮೆಗೇ ಎಂದೂ ತೆರೆಯುವುದಿಲ್ಲ. ಒಳಗೆ ಬಾಯಿ ತೆರೆದಾಗ ಹೊರಗು ಮುಚ್ಚಿರುತ್ತದೆ. ಚಿತ್ರದುರ್ಗದ ಕೋಟೆಯ ಕಿಂಡಿ ನೆನಪಿಸಿಕೊಳ್ಳಿ. ಒಬ್ಬೊಬ್ಬರೇ ಬಗ್ಗಿ ಬರಬೇಕಾದ ಕಿಂಡಿಯಾದ್ದರಿಂದಲೇ ಓಬವ್ವ ಒಂದು ಒನಕೆಯಿಂದ ಹೈದರಾಲಿಯ ಪಡೆಯನ್ನು ತಡೆದಳು. ವಾಹಕವೂ ಒಂದೊಂದನ್ನೇ ಬಿಟ್ಟುಕೊಳ್ಳುತ್ತದೆ, ಆದರೆ ಬಂದವರಿಗೆ ಒನಕೆಯ ಪೆಟ್ಟು ಕೊಡುವುದಿಲ್ಲ. ಹೋಲಿಕೆ ಅಲ್ಲಿಗೆ ಮುಗಿಯಿತು.

ಈ ಬಾಗಿಲನ್ನು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ವಿಷಗಳು ಸಾಕ್ಷಿ. ಒಂದು ಜಾತಿಯ ಮುಳ್ಳುಗಿಡದ ಅಟ್ರಾಕ್ಟಿಲೋಸೈಡ್ ವಾಹಕವನ್ನು ಹೊರಕ್ಕೆ ಬಾಯಿ ತೆರೆದ ಸ್ಥಿತಿಯಲ್ಲಿ ಕಟ್ಟಿಹಾಕುತ್ತದೆ. ಇಂಡೋನೇಷ್ಯಾದಲ್ಲಿ ಹದಗೆಟ್ಟ ತೆಂಗಿನಕಾಯಿ ಹುಳಿಹಿಟ್ಟಿನಲ್ಲಿ ಬ್ಯಾಕ್ಟೀರಿಯ ತಯಾರಿಸುವ ಬೋಂಗ್‌ಕ್ರೆಕಿಕ್ ಆಮ್ಲ ಒಳಕ್ಕೆ ಬಾಯಿ ತೆರೆದ ಸ್ಥಿತಿಯಲ್ಲಿ. ಎರಡೂ ಮಾರಕ. ದೇಹದಲ್ಲಿ ಯಾವುದೇ ಹೊತ್ತಿನಲ್ಲಿರುವ ಎಟಿಪಿ ಕಾಲು ಕಿಲೋ ದಾಟುವುದಿಲ್ಲ. ದಿನಕ್ಕೆ ಬಳಕೆಯಾಗುವುದು ಸರಿಸುಮಾರು ನಮ್ಮ ಮೈತೂಕದಷ್ಟು. ಅದೇ ಚೀಲಗಳು ಎಷ್ಟು ಸಲ ಓಡಾಡಬೇಕು ಲೆಕ್ಕ ಹಾಕಿ.

ಪ್ರ: ಕ್ಯಾಲ್ಸಿಯಂ ಮೂಳೆಗೆ ಬೇಕು. ಮೈಟೊಕಾಂಡ್ರಿಯಕ್ಕೆ ಯಾಕೆ?

ಕೆಲಸ ಹೆಚ್ಚಾಗಿದೆ ಎಂಬ ಸುದ್ದಿ ಮುಟ್ಟಿಸಲು. ಸ್ನಾಯು ಸಂಕುಚಿಸಬೇಕಾದರೆ ಜೀವಕೋಶದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅದೇ ಕ್ಯಾಲ್ಸಿಯಂ ಮೈಟೊಕಾಂಡ್ರಿಯದೊಳಗೂ ಹೋಗಿ, ಊಟ ಸುಡುವ ಮೂರು ಮುಖ್ಯ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಖರ್ಚು ಶುರುವಾಗುವ ಕ್ಷಣದಲ್ಲೇ ಉತ್ಪಾದನೆಗೂ ಅಪ್ಪಣೆ ಸಿಕ್ಕಿತು.

ಒಳಗೆ ಬರುವುದಕ್ಕೆ ಕ್ಯಾಲ್ಸಿಯಮ್ಮಿಗೆ ಬೇರೆ ಖರ್ಚಿಲ್ಲ. ಒಳಗಿನ ಋಣಾವೇಶವೇ ಸೆಳೆಯುತ್ತದೆ, ಅದರ ಮೈಮೇಲೆ ಎರಡು ಧನಾವೇಶ ಇರುವುದರಿಂದ ಸೆಳೆತ ಬಲು ಜೋರು. 180 ಮಿಲಿವೋಲ್ಟಿಗೆ ತಕ್ಕ ಸಮತೋಲ ಬರುವವರೆಗೆ ಬಿಟ್ಟರೆ ಹೊರಗಿಗಿಂತ ಒಳಗೆ ಹತ್ತು ಲಕ್ಷ ಪಟ್ಟು ತುಂಬಿಕೊಳ್ಳಬೇಕಿತ್ತು. ಹಾಗಾದರೆ ಮ್ಯಾಟ್ರಿಕ್ಸ್ ಸುಣ್ಣದ ಗಟ್ಟಿಯಾಗುತ್ತದೆ. ಆಗುವುದಿಲ್ಲ, ಯಾಕೆಂದರೆ ಬಾಗಿಲಿಗೆ ಕಾವಲಿದೆ, ಹಿಂಬಾಗಿಲೂ ಇದೆ.

ಬಾಗಿಲಿನ ಕಥೆ ಕೇಳುವಂಥದ್ದು. ಇಲಿಯ ಮೂತ್ರಪಿಂಡದ ಮೈಟೊಕಾಂಡ್ರಿಯ ಕ್ಯಾಲ್ಸಿಯಮ್ಮನ್ನು ನುಂಗುತ್ತದೆ ಎಂದು ಗೊತ್ತಾದದ್ದು 1961–62ರಲ್ಲಿ. ರುಥೀನಿಯಂ ರೆಡ್ ಎಂಬ ಬಣ್ಣ ಅದನ್ನು ತಡೆಯುತ್ತದೆ ಎಂಬುದೂ ಬೇಗನೆ ತಿಳಿಯಿತು. 2004ರಲ್ಲಿ ಒಳಪೊರೆಗೆ ನೇರವಾಗಿ ಗಾಜಿನ ಸೂಜಿನಳಿಗೆ ಹಚ್ಚಿ ವಿದ್ಯುತ್ ಅಳೆದು, ಇದು ಅಯಾನು ಕಾಲುವೆಯೇ, ಅದೂ ಕ್ಯಾಲ್ಸಿಯಮ್ಮನ್ನು ಬಿಟ್ಟು ಬೇರೆಯದಕ್ಕೆ ಸುಲಭದಲ್ಲಿ ದಾರಿ ಕೊಡದ್ದು ಎಂದು ತೋರಿಸಿದರು. ಆದರೂ ಆ ಪ್ರೋಟೀನು ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಹಾದಿ ತೋರಿಸಿದ್ದು ಒಂದು ಇಲ್ಲದಿರುವಿಕೆ. ಬ್ರೆಡ್ಡಿನ ಯೀಸ್ಟಿನಲ್ಲಿ ಈ ಬಾಗಿಲಿಲ್ಲ, ಕಶೇರುಕಗಳಲ್ಲಿ ಇದೆ, ನಿದ್ರಾರೋಗ ತರುವ ಪರೋಪಜೀವಿಯ ಬಳಗದಲ್ಲೂ ಇದೆ. ಹಾಗಾದರೆ ಇವುಗಳಲ್ಲಿದ್ದು ಯೀಸ್ಟಿನಲ್ಲಿಲ್ಲದ ಜೀನ್ ಯಾವುದು? ಈ ಜರಡಿ ಹಿಡಿದು 2010ರಲ್ಲಿ ಕಾವಲುಗಾರ ಸಿಕ್ಕಿತು, 2011ರಲ್ಲಿ ಅಮೆರಿಕ ಮತ್ತು ಇಟಲಿಯ ಎರಡು ತಂಡಗಳಿಗೆ ಬಾಗಿಲೇ ಸಿಕ್ಕಿತು. ಎಂಸಿಯು ಎಂಬುದು ಬಾಗಿಲಿನ ಹೆಸರು, ಮಿಕು1 ಕಾವಲುಗಾರ. ಐವತ್ತು ವರ್ಷ ಕೆಲಸ ಗೊತ್ತಿದ್ದು ಹೆಸರು ಗೊತ್ತಿರದಿದ್ದ ಪ್ರೋಟೀನು ಇದು.

ಹೊರಗೆ ಹೋಗುವುದು ಮಾತ್ರ ಬಿಟ್ಟಿಯಲ್ಲ. ಹೃದಯ, ಮಿದುಳಿನಂತಹ ಅಂಗಗಳಲ್ಲಿ ಕ್ಯಾಲ್ಸಿಯಂ ಹೊರಹೋಗಲು ಸೋಡಿಯಂ ಒಳಗೆ ಬರಬೇಕು. 2010ರಲ್ಲಿ ಗುರುತಾದ ಎನ್‌ಸಿಎಲ್‌ಎಕ್ಸ್ ಎಂಬ ಪ್ರೋಟೀನು ಈ ಬದಲಾವಣೆ ಮಾಡುತ್ತದೆ. ಹಾಗೆ ಬಂದ ಸೋಡಿಯಂ ಹೊರಹೋಗಲು ಪ್ರೋಟಾನ್ ಒಳಗೆ ಬರಬೇಕು. ಸುತ್ತಿ ಬಳಸಿ ಬಿಲ್ಲು ಬರುವುದು ಅದೇ ಪ್ರೋಟಾನಿನ ಖಾತೆಗೆ. ಯಾವ ಅಯಾನಿನ ಬೆನ್ನು ಹತ್ತಿದರೂ ಕೊನೆಗೆ ಇದೇ ಖಾತೆಗೆ ಬಂದು ನಿಲ್ಲುತ್ತೀರಿ.

ಎಂಸಿಯು ಇಲ್ಲದ ಇಲಿಗಳು ಬದುಕುವುದೇ ಇಲ್ಲ ಎಂದು ಬಹುತೇಕರು ಎಣಿಸಿದ್ದರು. 2013ರಲ್ಲಿ ಬೆಳೆಸಿ ನೋಡಿದರೆ ಬದುಕಿದವು. ಕೊಂಚ ಪೀಚಲು, ಕಠಿಣ ದುಡಿಮೆಯಲ್ಲಿ ಹಿಂದೆ, ಅಷ್ಟೇ.

ಪ್ರ: ಪೊಟ್ಯಾಸಿಯಂ ಜೀವಕೋಶದ ತುಂಬಾ ಇದೆ. ಅದೂ ಒಳಗೆ ನುಗ್ಗಬೇಕಲ್ಲವೇ?

ನುಗ್ಗಲು ಸದಾ ಸಿದ್ಧ. ಅದಕ್ಕೆ ಕಾಲುವೆಗಳೂ ಇವೆ, ಕಿರಿದಾದವು. ಆದರೆ ಪೊಟ್ಯಾಸಿಯಂ ತುಂಬಿದರೆ ಅದರ ಹಿಂದೆ ನೀರೂ ಬರುತ್ತದೆ, ಮ್ಯಾಟ್ರಿಕ್ಸ್ ರಾತ್ರಿ ನೆನೆಸಿದ ಕಡಲೆಯ ಹಾಗೆ ಊದುತ್ತದೆ. ಅದನ್ನು ಹೊರಹಾಕಲು ಪೊಟ್ಯಾಸಿಯಂ–ಪ್ರೋಟಾನ್ ವಿನಿಮಯ ಬೇಕೇ ಬೇಕು ಎಂದು ಮಿಚೆಲ್ ಆಗಲೇ ವಾದಿಸಿದ್ದರು. ವ್ಯಾಲಿನೊಮೈಸಿನ್ ಎಂಬ ಪ್ರತಿಜೈವಿಕ ಪೊಟ್ಯಾಸಿಯಮ್ಮನ್ನು ತನ್ನ ಉಂಗುರದೊಳಗೆ ಕೂರಿಸಿಕೊಂಡು ಪೊರೆ ದಾಟಿಸುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಹಾಕಿದರೆ ಪೊರೆಯ ವೋಲ್ಟೇಜ್ ಕುಸಿಯುವುದನ್ನು ನೋಡಬಹುದು.

ಪ್ರ: ಕಬ್ಬಿಣ, ಮೆಗ್ನೀಸಿಯಂ?

ಮೆಗ್ನೀಸಿಯಮ್ಮಿಗೆ ಎಂಆರ್‌ಎಸ್2 ಎಂಬ ಕಾಲುವೆ. ಕಬ್ಬಿಣಕ್ಕೆ ಮೈಟೊಫೆರಿನ್ ಎಂಬ ವಾಹಕ. ರಕ್ತಹೀನತೆಯಿಂದ ಬಿಳಿಚಿಕೊಂಡ ಜೀಬ್ರಾಮೀನಿನ ಮರಿಗಳನ್ನು ಅಭ್ಯಾಸ ಮಾಡುವಾಗ 2006ರಲ್ಲಿ ಸಿಕ್ಕಿತು. ರಕ್ತದ ಕೆಂಪು ವಸ್ತುವಿಗೆ ಕಬ್ಬಿಣ ಸೇರುವುದು ಮೈಟೊಕಾಂಡ್ರಿಯದೊಳಗೆ, ಆದ್ದರಿಂದ ಈ ಬಾಗಿಲು ಕೆಟ್ಟರೆ ತಿಂದ ಕಬ್ಬಿಣವೂ ಕೆಲಸಕ್ಕೆ ಬಾರದು.

ಪ್ರ: ಪೊರೆ ನಿಜವಾಗಿಯೂ ಸೋರುವುದೇ ಇಲ್ಲವೇ?

ಸೋರುತ್ತದೆ. ಶೀರ್ಷಿಕೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದೇನೆ. ಇಲಿಗಳಲ್ಲಿ ಅಳೆದವರ ಅಂದಾಜಿನಲ್ಲಿ, ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದ ಸುಮಾರು ಐದನೇ ಒಂದು ಪಾಲು ಈ ಸೋರಿಕೆಯನ್ನು ತುಂಬಿಕೊಡಲೇ ಹೋಗುತ್ತದೆ. ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೆ ಇದು ಹೊಸ ಸುದ್ದಿಯಲ್ಲ, ಮೇಲೆ ಬಿಟ್ಟಷ್ಟು ನೀರು ಕೆಳಗೆ ಎಂದೂ ಮುಟ್ಟುವುದಿಲ್ಲ.

ಸೋರಿಕೆಯ ಸ್ವಭಾವ ಮಾತ್ರ ಕುತೂಹಲದ್ದು. ವೋಲ್ಟೇಜ್ ಕಡಿಮೆ ಇದ್ದಾಗ ಅತಿ ಕಡಿಮೆ, ಒಂದು ಮಟ್ಟ ಮೀರಿದರೆ ಒಮ್ಮೆಲೇ ಏರುತ್ತದೆ. ಹಿರಿಯೂರಿನ ಮಾರಿಕಣಿವೆ 2022ರಲ್ಲಿ 89 ವರ್ಷಗಳ ಬಳಿಕ ಕೋಡಿ ಬಿದ್ದದ್ದನ್ನು ನೋಡಲು ಹೋದವರಿಗೆ ಇದು ಚೆನ್ನಾಗಿ ಅರ್ಥವಾದೀತು. ಕೋಡಿ ಇರುವುದು ಕಟ್ಟೆ ಉಳಿಯಲೆಂದು. ವೋಲ್ಟೇಜ್ ಅತಿಯಾದರೆ ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕದ ಮೇಲೆ ಹಾರಿ ಹಾನಿಕರ ಕಣಗಳಾಗುತ್ತವೆ. ಅಷ್ಟಿಷ್ಟು ಸೋರಿದರೆ ಆ ಅಪಾಯ ತಗ್ಗುತ್ತದೆ.

ಬೇಕೆಂದೇ ಸೋರಿಸುವ ಜಾಗವೂ ಒಂದಿದೆ. ಹಸುಗೂಸಿನ ಕತ್ತು, ಬೆನ್ನಿನ ಮೇಲ್ಭಾಗದಲ್ಲಿ ಕಂದು ಕೊಬ್ಬು ಇರುತ್ತದೆ. ಅದರ ಮೈಟೊಕಾಂಡ್ರಿಯದಲ್ಲಿ ಯುಸಿಪಿ1 ಎಂಬ ಪ್ರೋಟೀನು ಪ್ರೋಟಾನುಗಳಿಗೆ ಯಂತ್ರ ತಪ್ಪಿಸಿ ಅಡ್ಡದಾರಿ ಕೊಡುತ್ತದೆ. ಎಟಿಪಿ ಆಗುವುದಿಲ್ಲ, ಬರಿ ಕಾವು ಬರುತ್ತದೆ. ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲು ಕೂಸಿಗೆ ಬರುವುದಿಲ್ಲವಲ್ಲ.

ಪ್ರ: ಹಾಗಾದರೆ ಪೊರೆ ಸೋರಿಸುವ ಗುಳಿಗೆ ನುಂಗಿ ತೂಕ ಇಳಿಸಬಹುದೇ ಸರ್? ಜಿಮ್ಮಿನಲ್ಲಿ ಯಾರೋ ಹೇಳುತ್ತಿದ್ದರು.

ಬೇಡ. ಯಾರೋ ಹೇಳುತ್ತಿದ್ದದ್ದು ಡೈನೈಟ್ರೋಫೀನಾಲ್ ಇರಬೇಕು. ಪ್ರೋಟಾನನ್ನು ಹೊತ್ತು ಪೊರೆಯಲ್ಲಿ ಕರಗಿ ಆಚೆ ದಾಟುವ ಅಣು ಅದು. 1933ರ ಸುಮಾರಿಗೆ ಅಮೆರಿಕದಲ್ಲಿ ಅದನ್ನು ತೂಕ ಇಳಿಸುವ ಔಷಧಿಯಾಗಿ ಮಾರಿದರು. ತೂಕ ಇಳಿಯಿತು, ಜೊತೆಗೆ ಕೆಲವರಿಗೆ ಕಣ್ಣಿನ ಪೊರೆ ಬಂತು, ಕೆಲವರು ಮೈ ಕಾದು ಸತ್ತರು. 1938ರಲ್ಲಿ ನಿಲ್ಲಿಸಿದರು. ಯುಸಿಪಿ1ಗೆ ಕಡಿವಾಣವಿದೆ, ಈ ಪುಡಿಗೆ ಇಲ್ಲ. ಪ್ರತಿವಿಷವೂ ಇಲ್ಲ. ಈ ಒಂದು ಪ್ರಶ್ನೆಗೆ ನಾನು ತಮಾಷೆಯ ಉತ್ತರ ಕೊಡುವುದಿಲ್ಲ.

ಪ್ರ: ಮೇಷ್ಟ್ರೇ, ನಾವು ಹೊಡೆಯುವ ಔಷಧಿಯ ಚೀಟಿಯಲ್ಲೂ ಮೈಟೊಕಾಂಡ್ರಿಯ ಎಂದು ಬರೆದಿರುತ್ತದೆ. ಏನು ಹಾಗೆಂದರೆ?

ಜಗಳೂರು ಕಡೆಯ ರೈತರೊಬ್ಬರು ಕೇಳಿದ್ದು. ತರಗತಿಯಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿಲ್ಲ. ನಮ್ಮ ಹೊಲಗಳಲ್ಲಿ ಬಳಕೆಯಾಗುವ ಹಲವು ಔಷಧಿಗಳು ಹೊಡೆಯುವುದು ಇದೇ ಒಳಪೊರೆಗೆ. ಈರುಳ್ಳಿ, ದಾಳಿಂಬೆಯ ಶಿಲೀಂಧ್ರಕ್ಕೆ ಹೊಡೆಯುವ ಅಜಾಕ್ಸಿಸ್ಟ್ರೋಬಿನ್ ಮೂರನೆಯ ಸಂಕೀರ್ಣವನ್ನು ತಡೆಯುತ್ತದೆ. ಹತ್ತಿಯ ಬಿಳಿನೊಣಕ್ಕೆ ಬಳಸುವ ಡಯಾಫೆಂಥಿಯುರಾನ್ ಕೀಟದ ಎಟಿಪಿ ಯಂತ್ರವನ್ನು ನಿಲ್ಲಿಸುತ್ತದೆ. ಕ್ಲೋರ್‌ಫೆನಪೈರ್ ಕೀಟದ ದೇಹದಲ್ಲಿ ರೂಪ ಬದಲಿಸಿ ಪೊರೆಯನ್ನೇ ಸೋರಿಸುತ್ತದೆ. ಗೋದಾಮಿನಲ್ಲಿ ಮೆಕ್ಕೆಜೋಳಕ್ಕೆ ಇಡುವ ಗುಳಿಗೆಯಿಂದ ಹೊರಡುವ ಫಾಸ್ಫೀನ್ ಅನಿಲದ ಗುರಿಗಳಲ್ಲಿ ನಾಲ್ಕನೆಯ ಸಂಕೀರ್ಣವೂ ಒಂದು.

ಇದರಿಂದ ತಿಳಿಯಬೇಕಾದದ್ದು ಎರಡು. ಶಿಲೀಂಧ್ರದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಅಜಾಕ್ಸಿಸ್ಟ್ರೋಬಿನ್ ನಾಟುವುದಿಲ್ಲ. ಅದೇ ಗುಂಪಿನ ಔಷಧಿಯನ್ನು ಮೇಲಿಂದ ಮೇಲೆ ಹೊಡೆದರೆ ಬದುಕುಳಿಯುವುದು ಬದಲಾದ ಸಂತತಿಯೇ. ಎರಡನೆಯದು, ಈ ಯಂತ್ರಗಳು ಕೀಟಕ್ಕೂ ನಮಗೂ ಹೆಚ್ಚುಕಡಿಮೆ ಒಂದೇ. ಗುಳಿಗೆ ಇಟ್ಟ ಗೋದಾಮಿನಲ್ಲಿ ಮಲಗಬೇಡಿ, ಚೀಲ ಒಟ್ಟಿದ ಮನೆಯಲ್ಲಿ ಗುಳಿಗೆ ಇಡಲೇಬೇಡಿ. ತಲೆ ಸುತ್ತು, ವಾಂತಿ, ಎದೆ ಬಿಗಿತ ಬಂದರೆ ಮಜ್ಜಿಗೆ ಕುಡಿದು ಕಾಯುವುದು ಬೇಡ, ನೇರ ಆಸ್ಪತ್ರೆಗೆ ಹೋಗಿ.

ಪ್ರ: ಒಳಪೊರೆ ಪೂರ್ತಿ ತೂತಾದರೆ?

ಜೀವಕೋಶ ಸಾಯುತ್ತದೆ. ಕ್ಯಾಲ್ಸಿಯಂ ಅತಿಯಾಗಿ ತುಂಬಿದಾಗ, ಜೊತೆಗೆ ಆಮ್ಲಜನಕದ ಹಾನಿಕರ ಕಣಗಳೂ ಸೇರಿದಾಗ, ಒಳಪೊರೆಯಲ್ಲಿ ಸುಮಾರು 1500 ಡಾಲ್ಟನ್ ವರೆಗಿನ ಎಲ್ಲವೂ ಹಾಯುವ ದೊಡ್ಡ ರಂಧ್ರ ತೆರೆದುಕೊಳ್ಳುತ್ತದೆ. 1979ರಲ್ಲಿ ಇದನ್ನು ವಿವರಿಸಿದರು. ವೋಲ್ಟೇಜ್ ಸೊನ್ನೆ, ಮ್ಯಾಟ್ರಿಕ್ಸ್ ಊದಿ ಹೊರಪೊರೆ ಹರಿಯುತ್ತದೆ. ಹೃದಯಾಘಾತದಲ್ಲಿ ಕಟ್ಟಿದ ರಕ್ತನಾಳ ಮತ್ತೆ ತೆರೆದ ನಿಮಿಷಗಳಲ್ಲಿ ಇದು ಆಗಬಹುದು. ಈ ರಂಧ್ರ ಯಾವ ಪ್ರೋಟೀನಿನದು ಎಂಬ ಜಗಳ ಇನ್ನೂ ಬಗೆಹರಿದಿಲ್ಲ. ಎಟಿಪಿ ಯಂತ್ರವೇ ಬಾಯಿ ಬಿಡುತ್ತದೆ ಎನ್ನುವವರಿದ್ದಾರೆ, ಎಟಿಪಿ–ಎಡಿಪಿ ವಾಹಕ ಎನ್ನುವವರಿದ್ದಾರೆ. ಸೈಕ್ಲೋಸ್ಪೋರಿನ್ ಎಂಬ ಔಷಧಿ ಪ್ರಯೋಗಾಲಯದಲ್ಲಿ ರಂಧ್ರವನ್ನು ತಡೆಯುತ್ತದೆ, ಆದರೆ ಹೃದಯಾಘಾತದ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ.

ಪ್ರ: ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇದರಲ್ಲಿ ಏನನ್ನಾದರೂ ನೋಡಬಹುದೇ?

ವೋಲ್ಟೇಜ್ ಅಳೆಯುವ ಹೊಳೆಯುವ ಬಣ್ಣಗಳು ದುಬಾರಿ. ಧನಾವೇಶವಿರುವ ಆ ಬಣ್ಣಗಳು ಒಳಗಿನ ಋಣದ ಸೆಳೆತಕ್ಕೆ ಸಿಕ್ಕಿ ಮೈಟೊಕಾಂಡ್ರಿಯದಲ್ಲಿ ಗುಂಪುಗೂಡುತ್ತವೆ. ಅವಿಲ್ಲದೆಯೂ ಒಂದು ಕೆಲಸ ಮಾಡಬಹುದು. ಸಂತೆಯಿಂದ ಒಂದು ಚಿತ್ರದುರ್ಗದ ಈರುಳ್ಳಿ ತನ್ನಿ. ಒಳಪದರದ ತೆಳುಸಿಪ್ಪೆ ಎಳೆದು ಗಾಜಿನ ಮೇಲೆ ಹರಡಿ, ತೀರಾ ತೆಳುವಾಗಿ ಕರಗಿಸಿದ ಜೇನಸ್ ಗ್ರೀನ್ ಬಿ ಬಣ್ಣದ ಒಂದು ಹನಿ ಬಿಡಿ. ಸಿಪ್ಪೆ ಹಸಿಯಾಗಿರಬೇಕು, ಜೀವಕೋಶ ಬದುಕಿರಬೇಕು. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದ ಅತಿ ದೊಡ್ಡ ಮಸೂರದಲ್ಲಿ ನೋಡಿದರೆ ಜೀವರಸದ ಅಂಚಿನಲ್ಲಿ ನೀಲಿಹಸಿರು ಚುಕ್ಕೆಗಳು ಕಾಣುತ್ತವೆ, ಕೆಲವು ಮೆಲ್ಲಗೆ ಸರಿಯುತ್ತಲೂ ಇರುತ್ತವೆ. ಉಳಿದ ಕಡೆ ಬಣ್ಣ ಆರಿಹೋಗುತ್ತದೆ. ಮೈಟೊಕಾಂಡ್ರಿಯದಲ್ಲಿ ಮಾತ್ರ ನಾಲ್ಕನೆಯ ಸಂಕೀರ್ಣ ಅದನ್ನು ಬಣ್ಣದ ಸ್ಥಿತಿಯಲ್ಲೇ ಹಿಡಿದಿಟ್ಟಿರುತ್ತದೆ. ಬೇಗ ಚಿತ್ರ ಬಿಡಿಸಿಕೊಳ್ಳಿ. ಗಾಜಿನ ಹೊದಿಕೆಯಡಿ ಆಮ್ಲಜನಕ ತೀರುತ್ತಾ ಬಂದ ಹಾಗೆ ಆ ಚುಕ್ಕೆಗಳೂ ಒಂದೊಂದಾಗಿ ಮಾಸುತ್ತವೆ.